ಇವತ್ತು ಯಾವ ವಾರ

ಅಹ್ಮದಿಯ ಮೈದಾನದಂಚಿಗೆ ನನ್ನ ಪ್ಲಾಸ್ಟಿಕ್ ಕುರ್ಚಿ, ಐಸಿನ ಡಬ್ಬ.
ಮೊಟ್ಟೆಯಾಕಾರದ ಚೆಂಡಿಗಾಗಿ ಅಮೆರಿಕದ ಹುಡುಗರು
ಒಬ್ಬರನ್ನೊಬ್ಬರು ಗುಮ್ಮುವ ಆಟ.
ತಲೆಗೆ ಪೆಟ್ಟಾದವನಿಗೆ ನಾನು ಮೂರು ಪ್ರಶ್ನೆ ಕೇಳಬೇಕು:
ಹೆಸರೇನು, ಎದುರಾಳಿ ಯಾರು, ಇವತ್ತು ಯಾವ ವಾರ.
ಸರಿಯಾಗಿ ಹೇಳಿದರೆ
ಹೆಲ್ಮೆಟ್ ಹಾಕಿಸಿ ವಾಪಸು ಕಳಿಸಬೇಕು.

ಮೊನ್ನೆ ಕೇಲಬ್ ಬಿದ್ದ, ಎದ್ದ.
ಹೆಸರು ಹೇಳಿದ, ಎದುರಾಳಿಯನ್ನೂ.
ವಾರ ಕೇಳಿದೆ. ಆದಿತ್ಯವಾರ ಅಂದ.

ಅವತ್ತು ಶುಕ್ರವಾರ.
ಆದರೆ ಬೆಳಿಗ್ಗೆ ನಾನೂ ಪೂಜೆಗೆ ಹೋಗಿ ಬಂದಿದ್ದೆ.
ಇಲ್ಲಿ ಇಗರ್ಜಿಯ ಆದಿತ್ಯವಾರ ಶುಕ್ರವಾರಕ್ಕೇ ಬಂದುಬಿಡುತ್ತದೆ.
ಶಿರ್ವದ ಅಕ್ಕನೊಡನೆ ಫೋನಿನಲ್ಲಿ
ಹನ್ನೊಂದು ವರ್ಷದಿಂದ ನಾನೂ ಹೀಗೇ ತಪ್ಪುತ್ತೇನೆ.
ಇದು ಪೆಟ್ಟೋ, ಊರೋ?

ಕೋಚ್ ಗಡಿಯಾರ ನೋಡಿದ. ಹುಡುಗ ಕೈ ಚಾಚಿದ.
ನಾನು ಹೆಲ್ಮೆಟ್ ಕೊಡಲಿಲ್ಲ,
ತೊಡೆಯ ಮೇಲಿಟ್ಟುಕೊಂಡೆ. ಒಳಗಿನ ಸ್ಪಂಜು
ಇನ್ನೂ ಬೆಚ್ಚಗಿತ್ತು.

ಈಗ ಸಭೆ. ಪೆಟ್ಟಾದವ ಆ ದಿನ ಆಡಕೂಡದು, ಪ್ರಶ್ನೆಯೇ ಬೇಡ
ಎನ್ನುವ ಹೊಸ ನಿಯಮ.
ಆಟ ಮೆತ್ತಗಾಗುತ್ತದೆ, ಅಂದರು ಡ್ಯಾರೆಲ್,
ಹಳೆಯ ಮೊಣಕಾಲು ನೀವಿಕೊಳ್ಳುತ್ತ.
ನಮ್ಮ ಕಾಲದಲ್ಲಿ... ಎಂದು ನಿಂತರು,
ಮೇಜಿನ ಮೇಲೆ ಮಾತು ಹುಡುಕಿದರು.
ಆಟ ಮೆತ್ತಗಾಗುತ್ತದೆ, ಅಂದರು.

ಸಿಸ್ಟರ್, ಹುಡುಗನಿಗೆ ನಿಜಕ್ಕೂ ಏನಾದರೂ ಆಗಿತ್ತೇ?
ಗೊತ್ತಿಲ್ಲ, ಅಂದೆ.
ಅದಕ್ಕೇ.

ನನಗೆ ಮತವಿಲ್ಲ; ಖರ್ಜೂರದ ತಟ್ಟೆ ದಾಟಿಸಿದೆ.
ಎಣಿಸುವವರು ಎರಡು ಸಲ ಎಣಿಸಿದರು.
ಡ್ಯಾರೆಲ್ ಕೈ ಅರ್ಧಕ್ಕೇ ನಿಂತಿತ್ತು,
ಎತ್ತಿದ್ದೋ ಇಳಿಸಿದ್ದೋ
ಅವರಿಗೂ ತಿಳಿಯದ ಹಾಗೆ.