ಆಖೈರು ಶಿಲ್ಕು

ಬನ್ನಿ ಮಿಸ್ಟರ್ ಡ್ರೈಸ್‌ಡೇಲ್, ಆ ಕುರ್ಚಿ ಬೇಡ,
ಅದರ ಒಂದು ಕಾಲು ತೊಂಬತ್ತೆರಡರಿಂದ ಗಾಯಾಳು.
ಹೀಟರಿನ ಹತ್ತಿರ ಕೂರಿ. ಅದು ಉರಿಯುವುದಿಲ್ಲ,
ಆದರೂ ಎಲ್ಲರೂ ಅಲ್ಲೇ ಕೂರುತ್ತಾರೆ.

ಎಡಿನ್‌ಬರೋದಿಂದ ಬಂದದ್ದು ಬೀಗ ಹಾಕಲಿಕ್ಕೆ, ಗೊತ್ತು.
ಮೊದಲು ಪುಸ್ತಕ ನೋಡಿ. ಸ್ಟ್ರಾತ್‌ಕಾರ್ನ್ ರೋವರ್ಸ್,
ನಲವತ್ತೊಂದು ವರ್ಷದ ಕಿರ್ದಿ, ಎಲ್ಲವೂ ನನ್ನ ಕೈಬರಹ.
ಕಂದು ಕಲೆ ಕಂಡರೆ ಹೆದರಬೇಡಿ, ಮಾಂಸದ ಸಾರು,
ರಕ್ತವಲ್ಲ. ರಕ್ತದ್ದು ಎಂಬತ್ತೇಳನೇ ಇಸವಿಯಲ್ಲಿದೆ.

ಜಮಾ: ಗೇಟಿನಲ್ಲಿ ನಾನೂರ ಹನ್ನೆರಡು ಜನ,
ಮಳೆಯಾದರೆ ಇನ್ನೂರೆಂಬತ್ತು.
ಮಳೆ ಬಾರದ ಶನಿವಾರಗಳೂ ಒಂದೆರಡು ಇದ್ದವು,
ಗುರುತು ಹಾಕಿದ್ದೇನೆ.
ಖರ್ಚು: ನಾಲ್ಕು ದೀಪದ ಕಂಬ, ನಾಲ್ಕೂ ಬಕಾಸುರರು.
ಸಂಬಳಕ್ಕಿಂತ ಬಟ್ಟೆ ಒಗೆಸಿದ ಬಿಲ್ಲು ಜಾಸ್ತಿಯಾದ ತಿಂಗಳೂ ಉಂಟು,
ಕೆಸರು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ನಿಜ ಹೇಳಲೇ? ಕ್ಲಬ್ಬನ್ನು ಸಾಕಿದ್ದು ಗೋಲಲ್ಲ, ಪೈ.
ನ್ಯಾನ್ ಪರ್ಡಿ ವಾರಕ್ಕೆ ನೂರಿಪ್ಪತ್ತು ಸುಟ್ಟು ತರುತ್ತಿದ್ದಳು,
ಒಂದೂ ಉಳಿಯುತ್ತಿರಲಿಲ್ಲ.
ಅವಳು ತೀರಿಕೊಂಡ ವರ್ಷವೇ ನಾವು
ಕೆಳಗಿನ ಡಿವಿಷನ್ನಿಗೆ ಇಳಿದದ್ದು.
ಕೋಚ್ ಬೇರೇನೋ ಕಾರಣ ಹೇಳಿದ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ.
ಕಾಲನ್ನೇ ಮಾರುವ ಅಂಗಡಿ ಇದು, ಏನು ಮಾಡೋಣ?
ಲಾಕ್ಲನ್ ಬೀಟನ್, ಹದಿನೆಂಟು ವರ್ಷ, ಎಡಗಾಲು,
ಇಂಗ್ಲೆಂಡಿಗೆ ಮಾರಿದೆವು. ಆ ಕಾಲಿನಿಂದ ಈ ತಗಡಿನ ಮಾಡು.
ಮಳೆ ಬಿದ್ದಾಗ ಕೇಳಿ,
ಅವನೇ ಓಡಿದ ಹಾಗೆ.

ಆಮೇಲೆ ಬಂದ ಕಿಟಕಿ ಗಾಜಿನ ವ್ಯಾಪಾರಿ ಟೆಲ್ಫರ್,
ಒಂಟೆ ಬಣ್ಣದ ಕೋಟು, ಬಾಯಿ ತುಂಬ ಯುರೋಪು.
ಸ್ಲೊವಾಕಿಯಾದಿಂದ ಒಬ್ಬ ಸ್ಟ್ರೈಕರನ್ನು ತಂದ,
ಅವನ ಒಂದು ವಾರ, ನಮ್ಮ ಗೇಟಿನ ಇಡೀ ತಿಂಗಳು.
ಆರು ಗೋಲು ಹೊಡೆದ ಪಾಪ, ಒಳ್ಳೆಯವನೇ.
ಗೋಲಿಗೆ ಎಷ್ಟು ಬಿತ್ತೆಂದು ಪೆನ್ಸಿಲಿನಲ್ಲಿ ಲೆಕ್ಕ ಹಾಕಿ
ಅಳಿಸಿದ್ದೇನೆ. ಬೆಳಕಿಗೆ ಹಿಡಿದರೆ ಈಗಲೂ ಕಾಣುತ್ತದೆ.
ಟೆಲ್ಫರ್ ಕೊಟ್ಟದ್ದೆಲ್ಲ ಸಾಲವೆಂದು ತಿಳಿದದ್ದು
ಟೆಲ್ಫರ್ ಹೋದ ಮೇಲೆ. ಹುಲ್ಲು ಕೂಡ ಒತ್ತೆ.
ತೆರಿಗೆಯವರ ಪತ್ರಗಳು ಆ ಬಿಸ್ಕತ್ತಿನ ಡಬ್ಬಿಯಲ್ಲಿವೆ,
ಮೊದಮೊದಲಿನವು ಬಹಳ ಸಭ್ಯ.

ಬಂದರಿನ ಬೀದಿಯಲ್ಲಿ ಬಕೆಟ್ಟು ಹಿಡಿದು ನಿಂತೆವು, ಮೀನಿನ ಬಕೆಟ್ಟುಗಳೇ.
ಬ್ಯಾಂಕಿನ ಹುಡುಗಿ ಮೂಗು ಮುಚ್ಚಿಕೊಂಡು ಎಣಿಸಿದಳು:
ಮೂರು ಸಾವಿರದ ಒಂಬೈನೂರು ಪೌಂಡು, ಒಂದು ಕೋಟಿನ ಗುಂಡಿ,
ಒಂದು ಮದುವೆಯ ಉಂಗುರ.
ಉಂಗುರವನ್ನು ಯಾವ ಖಾತೆಗೆ ಜಮಾ ಮಾಡಬೇಕೆಂದು
ಇನ್ನೂ ತೀರ್ಮಾನವಾಗಿಲ್ಲ.

ಆ ಕೊನೆಯ ಕಾಲಮ್ಮೇ? ನಗುತ್ತೀರೆಂದು ಗೊತ್ತಿತ್ತು.
'ಗೋಡೆಯಿಂದ ಬರಬೇಕಾದ್ದು.'
ಉತ್ತರದ ಗೋಡೆ, ಚರ್ಚಿನ ಸಮಾಧಿಗಳ ಕಡೆಯದು,
ಅದನ್ನು ಹಾರಿ ಬರುವ ಹುಡುಗರು.
ಹಿಡಿಯಲು ಹೋಗಲಿಲ್ಲ, ಎಣಿಸಿದೆ ಅಷ್ಟೆ.
ತಲೆಗೆ ಮಕ್ಕಳ ಟಿಕೆಟ್ಟಿನ ದರ, ವರ್ಷದ ಕೊನೆಗೆ ಒಟ್ಟು.
ಇದು ಆಸ್ತಿಯಲ್ಲ, ವಸೂಲಾಗದ ಬಾಕಿ ಎನ್ನುತ್ತೀರಿ.
ಸರಿ, ನೀವೇ ಹೊಡೆದುಹಾಕಿ, ನನಗೆ ಕೈ ಬಾರದು.
ಆಖೈರು ಶಿಲ್ಕನ್ನೂ ನೀವೇ ಬರೆಯಿರಿ.

ಯಾವ ಪುಟ? ತೊಂಬತ್ತೆಂಟು, ನವೆಂಬರ್?
ಇರಿ, ಕನ್ನಡಕ. ಇಪ್ಪತ್ತೊಂದು, ಶನಿವಾರ.
ಕಪ್ ಪಂದ್ಯ, ದಟ್ಟ ಮಂಜು, ಒಂದು-ಸೊನ್ನೆ ನಮಗೆ.
ಗೋಡೆ: ಮೂವರು.

ನಾಲ್ವರೇ?
ನಾಲ್ಕನೆಯವನು ಈಚೆ ಧುಮುಕಲು ಹೆದರಿ
ಇಡೀ ಪಂದ್ಯ ಮೇಲೆಯೇ ಕೂತಿದ್ದನೇ?

ಕೊಡಿ ಆ ಪೆನ್ನು. ಕೆಂಪು ಬೇಡ, ನೀಲಿ.
ಗೋಡೆಯ ಮೇಲಿದ್ದವನಿಗೆ ಯಾವ ದರ ಹಾಕುವುದು,
ಒಳಗೂ ಅಲ್ಲ, ಹೊರಗೂ ಅಲ್ಲ.
ಅಲ್ಲಿಂದ ಆ ಮಂಜಿನಲ್ಲಿ
ಗೋಲು ಕಂಡಿತೇ ನಿಮಗೆ?
ಕಂಡಿದ್ದರೆ ಪೂರ್ತಿ.