ಸಿಗಡಿ ಮ್ಯಾಲ ಪೇರಲ

ಚೌಬಾರಾದ ಗಡಿಯಾರದ ಕೆಳಗ
ಹನ್ನೊಂದು ವರ್ಷ ಆತು, ನನ್ನ ಗಾಡಿ, ಜಹೀರನ ಸಿಗಡಿ
ಒಂದಕ್ಕೊಂದು ಬೆನ್ನು ಹಚ್ಚಿ ನಿಂತಾವ.
ಹನ್ನೊಂದು ವರ್ಷದ ಜಗಳ ಒಂದೇ:
ಅವನ ಹೊಗಿ ನನ್ನ ಹಣ್ಣಿಗಿ ಹತ್ತತದ.
"ನಿನ್ನ ಪೇರಲಕ್ಕ ಕಬಾಬಿನ ವಾಸನಿ" ಅಂತ
ಮಾಸ್ತರೊಬ್ಬರು ತೂಗಿದ ಅರ್ಧ ಕಿಲೋ
ತಕ್ಕಡಿಗಿ ವಾಪಸ್ ಸುರುವಿ ಹೋದದ್ದು
ಇವತ್ತಿಗೂ ಎದ್ಯಾಗ ಮುಳ್ಳು.
ನಡುವ ಒಂದು ತಾಡಪತ್ರಿ ಕಟ್ಟೀನಿ.
ಗಾಳಿಗಿ ತಾಡಪತ್ರಿ ಏನು ಲೆಕ್ಕ!

ಆವತ್ತು ಬೀದರಿನ ಚಳಿ, ಕಿವಿಯೊಳಗ ಸೂಜಿ.
ಕಸಾಯಿ ಓಣಿ ಬಂದ್, ಯಾಕಂತ ಯಾರಿಗೂ ಸರಿ ಗೊತ್ತಿಲ್ಲ.
ಈಗ ಬರ್ತದ, ಈಗ ಬರ್ತದ ಅಂತ
ಜಹೀರ ಇದ್ದಲಿ ಸುರುವಿ ಬೀಸಣಿಗಿ ಹಿಡದ.
ಎಂಟಾತು.
ಮಾಂಸ ಬರಲಿಲ್ಲ, ಕೆಂಡ ಬಂತು.
ಎಂಥಾ ಕೆಂಡ! ಒಂದೂ ಹೊಗಿ ಇಲ್ಲ,
ಮ್ಯಾಲ ಬೂದಿಯ ತೆಳು ಮಲಮಲ್ ಹೊದ್ದು
ಕೆಲಸಿಲ್ಲದ ಪೈಲ್ವಾನನಂಗ ಕುಂತಿತ್ತು.

ನನ್ನ ಬುಟ್ಟ್ಯಾಗ ಪೆಟ್ಟು ತಿಂದ ಪೇರಲ ಎರಡು ಕಿಲೋ,
ನಾಳಿಗಿ ಎಮ್ಮಿ ಪಾಲು.
ನನಗ ಮೂರು ದಿನದ ಕೆಮ್ಮು.
ನಮ್ಮವ್ವ ಕೆಮ್ಮಿದವರಿಗಿ ಒಲಿ ಬೂದ್ಯಾಗ
ಪೇರಲ ಹೂಳಿ ಸುಟ್ಟು ಕೊಡತಿದ್ದಳು.
"ಒಂದು ಸುಟ್ಟುಕೊಳ್ಳಲಾ?" ಅಂತ ಕೇಳಿಬಿಟ್ಟೆ.

ಜಹೀರ ತನ್ನ ಸಲಾಕಿ ನೋಡಿದ,
ನನ್ನ ಕೊರಳಾಗಿನ ಕರಡಿಗಿ ನೋಡಿದ.
ಏನೂ ಅನಲಿಲ್ಲ, ಎದ್ದು ಹೋದ.
ಸಿಟ್ಟು ಬಂದಿರಬೇಕು ಅಂದುಕೊಂಡೆ.
ಬಂದ. ಕೈಯಾಗ ಹೊಸ ಜಾಳಗಿ,
ಅಂಗಡಿ ಚೀಟಿ ಇನ್ನೂ ಕಿತ್ತಿಲ್ಲ.
"ನೂರಾ ಇಪ್ಪತ್ತು," ಅಂದ. ಅಷ್ಟೇ ಅಂದ.

ಮೊದಲು ಪಪ್ಪಾಯಿ ಇಟ್ಟು ಕೆಟ್ಟೆವು.
ಕೈಮಾ ಮೆತ್ತಗಾಗಲಿ ಅಂತ ಇವ ದಿನಾ ಕಾಯಿ ತುರಿಯೋ ಹಣ್ಣು
ತಾನೇ ಮೆತ್ತಗಾಗಿ ಜಾಳಗ್ಯಾಗ ಜಾರಿ
ಚುಂಯ್ ಅಂತ ಇಳಿದೇಬಿಡ್ತು.
"ಬದ್ಲಾ ಲಿಯಾ," ಅಂತ ಜಹೀರ ನಕ್ಕ.
ಬಾಳಿಹಣ್ಣು ಸಿಪ್ಪಿ ಸಮೇತ ಇಟ್ಟೆವು,
ಕರ್ರಗಾಗಿ, ಹೊಟ್ಟಿ ಒಡದು, ಜೇನು ಕಾರಿತು.
ಆಮ್ಯಾಲ ಪೇರಲ,
ಎರಡು ಹೋಳು, ಬಿಳಿ ಮುಖ ಕೆಳಗ.
ಬೀಜಗಳು ಚಿಟಿಚಿಟಿ.
ತಿರುವಲಾಕ ಕೈ ಹಾಕಿದರ ತಡದ:
"ಅವಸರ ಬ್ಯಾಡ ಪುತಳಾಬಾಯಿ.
ಬೆಂದದ್ದು ತಾನೇ ಕಬ್ಬಿಣ ಬಿಡ್ತದ.
ಬಿಡಲಿಲ್ಲ ಅಂದರ ಅದರ ಮಾತು ಮುಗಿದಿಲ್ಲ."

ಉಪ್ಪು ಖಾರ, ಅರ್ಧ ಲಿಂಬಿ
ಮೆಕ್ಕಿತೆನಿ ಸುಡೋ ಶೇವಂತಿ ಕಡಿಂದ ಕಡ.
ಬಿದರಿ ಕೆಲಸದ ಮೊಯೀಜ, ಉಗುರು ತುಂಬ ಮಸಿ,
ಹೋಳು ತಿರುವಿ ದೀಪಕ್ಕ ಹಿಡದು
"ಗೆರಿ ಸೊಟ್ಟ ಬಿದ್ದಾವ," ಅಂದ,
ಅಂದು, ಗೆರಿ ಸಮೇತ ನುಂಗಿದ.

ನಾನೂ ಕಚ್ಚಿದೆ.
ಮೊದಲು ಹೊಗಿ,
ಅದೇ ಹೊಗಿ, ಹನ್ನೊಂದು ವರ್ಷ ನಾನು ಬೈದದ್ದು.
ಅದರ ಹಿಂದ, ಬಿಸಿಗಿ ಬಾಯಿ ತೆರದ ಸಿಹಿ,
ಕೊನಿಗಿ ನಮ್ಮವ್ವನ ಬೂದಿ ಕೈ
ಗಂಟಲ ಒಳಗಿಂದ ಸವರಿದಂಗ.
ಕೆಮ್ಮಲಿಲ್ಲ. ಏನೂ ಅನಲಿಲ್ಲ.
ಕಣ್ಣಾಗ ನೀರು ಬಂದದ್ದು ಖಾರಕ್ಕೇ ಇರಬೇಕು.

ಬೈಕಿನ ಮ್ಯಾಲ ಹೊಂಟ ಹುಡುಗನೊಬ್ಬ
ಕಾಲು ಊರಿ ಕೇಳಿದ: "ಪ್ಲೇಟ್ ಎಷ್ಟು?"
ಇಬ್ಬರೂ ಮುಖ ಮುಖ ನೋಡಿದೆವು.
ಹಣ್ಣು ನಂದು, ಬೆಂಕಿ ಅವಂದು.
"ಉಪ್ಪು ನಂದು!" ಅಂತ ಆ ಕಡಿಂದ ಶೇವಂತಿ.
ಲೆಕ್ಕ ಹತ್ತಲಿಲ್ಲ. ಹುಡುಗಗ ಪುಕ್ಕಟ್ಟೆ ಹೋಯ್ತು.

ಮರುದಿನ ಕಸಾಯಿ ಓಣಿ ತೆರೀತು.
ತಾಡಪತ್ರಿ ನಾನು ಬಿಚ್ಚಿಲ್ಲ,
ಗಿರಾಕಿ ಮೂಗು ಗಿರಾಕಿಗಿ.
ಜಾಳಗಿ ಮಾತ್ರ ನನ್ನ ಗಾಡಿ ಮೊಳಿಗಿ ತೂಗತದ,
ನೂರಾ ಇಪ್ಪತ್ತು ಅವ ಇನ್ನೂ ಕೇಳಿಲ್ಲ.

ಕೆಮ್ಮು ಹೋಗಿ ತಿಂಗಳಾತು.
ರಾತ್ರಿ, ಜನ ಕರಗಿದ ಮ್ಯಾಲ,
ಒಮ್ಮೊಮ್ಮಿ ಸುಳ್ಳೇ ಕೆಮ್ಮತೀನಿ.
ತಾಡಪತ್ರಿ ಆಚಿಗಿ
ಬೀಸಣಿಗಿ ಸಪ್ಪಳ ಸುರು ಆಗತದ.