ಬಿಳಿಯೊಳಗಿನ ಬಿಳಿ

ಕಣ್ಣು ಚಲೋ ಅದಾವ ಅಂದ್ರು ರಿಮ್ಸಿನ ಡಾಕ್ಟ್ರು.
ಗೋಡಿಮ್ಯಾಲಿನ ಕಡೀ ಸಾಲಿನ ಅಕ್ಷರಾನೂ ಓದಿ ತೋರಿಸಿದ್ದೆ.
'ಕಿಟಕಿ ಸ್ವಚ್ಛ ಅದ ಸವಾರಪ್ಪ,
ಒಳಗ ಕುಂತು ನೋಡೋನಿಗೆ ಪೆಟ್ಟಾಗ್ಯಾದ.'
ಅವರು ನಕ್ಕರು. ನಾನೂ ನಕ್ಕೆ,
ಸ್ವಲ್ಪ ತಡ ಆತು.

ಹದಿನೆಂಟು ವರ್ಷ ಗಂಜಿನಾಗ ಹತ್ತಿ ನೋಡಿದವ ನಾನು.
ಅಂಡಿಗಿಗೆ ಕೈ ಹಾಕಿ ಒಂದು ಹಿಡಿ ಎಳದು
ಹೆಬ್ಬೆಟ್ಟಿಲೆ ಬಿಚ್ಚಿ ಬಿಸಲಿಗೆ ಹಿಡದ್ರ
ಬಿಳಿ ಒಳಗ ಎಷ್ಟು ಬಿಳಿ ಅದಾವ ಅಂತ ಗೊತ್ತಾಗತಿತ್ತು:
ಹಾಲಿನ ಬಿಳಿ, ಮಜ್ಜಿಗಿ ಬಿಳಿ, ಹಳೇ ಹಲ್ಲಿನ ಬಿಳಿ,
ಒಂದ ಮಳಿ ತಿಂದ ಬಿಳಿ,
ತೂಕಕ್ಕಂತ ನೀರು ಹೊಡದ ಬಿಳಿ.
ಶೇಠ ನನ್ನ ಮುಖ ನೋಡಿ ರೇಟು ಕೂಗತಿದ್ದ.

ಸಂಜಿಗೆ ಸೇಂದಿ.
ಈಚಲ ಗಿಡದ ಮುಖ ಕಂಡದ್ದಲ್ಲ ಅದು,
ಪ್ಲಾಸ್ಟಿಕ್ ಕವರಿನಾಗ ಸಕ್ಕರಿ ನೀರು, ಸಿ.ಎಚ್. ಪುಡಿ.
ಅದೂ ಬಿಳೀನ.
ಆ ಬಿಳಿ ಯಾವ ನಂಬರಿಂದು ಅಂತ
ಒಂದಿನಾನೂ ಬಿಸಲಿಗೆ ಹಿಡದು ನೋಡಲಿಲ್ಲ.

ಬಿಟ್ಟು ನಾಕು ವರ್ಷ, ಎರಡು ತಿಂಗಳು.
ಕೈನಡುಕ ಹೋತು. ಹೊಟ್ಟಿ ಉರಿ ಹೋತು.
ಹುಸೇನಮ್ಮ ತವರಿಂದ ತಿರುಗಿ ಬಂದ್ಲು.
ಹೋದ ಬಿಳಿಗಳು ಬರಲಿಲ್ಲ.
ಈಗ ಹತ್ತಿ ಅಂದ್ರ ಹತ್ತಿ, ಅಷ್ಟ.
ಮೆಟ್ಟಲು ಎಲ್ಲಿ ಮುಗೀತಾವಂತ ಕಾಲಿಗೆ ಕೇಳಬೇಕು.
ತೀನ್ ಕಂದೀಲಿನಾಗ ರಸ್ತಾ ದಾಟುವಾಗ
ಆಟೋ ಬರೂದು ಕಾಣಂಗಿಲ್ಲ.
ಅಲ್ಲಿ ನಿಂತಿರತದ.
ಆಮ್ಯಾಲ ಇಲ್ಲಿ ನಿಂತಿರತದ.
ನಡುವಿಂದು ಯಾರು ಕದ್ದರೋ.

ಅದೇ ಗಂಜಿನ ಗೇಟಿನಾಗ ಈಗ ಚೀಟಿ ಬರೀತೀನಿ.
ಲಾರಿ ನಿಂತ ಮ್ಯಾಲ ನಂಬರು ಬರಿಯೂದು, ತ್ರಾಸಿಲ್ಲ.
ನನ್ನ ಜಾಗದಾಗ ಜಿಲಾನಿ ಅಂತ ಒಬ್ಬ ಹುಡುಗ,
ಹಿಡಿ ಎತ್ತಿದ್ರ ಸಾಕು, ಹೇಳಿಬಿಡತಾನ.
ಸಂಜಿಗೆ ಅವ ಯಾವ ಓಣಿಗೆ ಹೊಳ್ಳತಾನಂತ ನೋಡತಿರತೀನಿ.
ತಿರುವಿನಾಗ ತಪ್ಪಿಸಿಕೊಂತಾನ,
ಇಲ್ಲಾ ನನ್ನ ಕಣ್ಣ ತಪ್ಪಿಸಿಕೊಂತದ.
ನಾಳೆ ಕೇಳಬೇಕು.

ನಿನ್ನೆ ಮಾನಮ್ಮ ಸಾಲಿಂದ ಬಂದು ಚೆಂಡು ಒಗದ್ಲು.
ಅಕಿ ಕೈಯಾಗ ಇತ್ತು,
ನನ್ನ ಎದಿಗೆ ಬಡೀತು.
'ಅಪ್ಪಾ, ಹಿಡೀಬೇಕಿತ್ತು!'
'ಒಗಿಯೂದಕ್ಕ ಮೊದಲ ಹೇಳವ್ವ.'
ಈಗ ಅಕಿ ಒಂದು, ಎರಡು, ಮೂರು ಅಂತ ಎಣಿಸಿ ಒಗೀತಾಳ.
ನಾನು ಕಿವೀಲೆ ಹಿಡೀತೀನಿ.
ನಾಕರಾಗ ಒಂದು.